ಮಗಳಿಗೆ ಎಸ್‌ಎಂಪಿ, ಎಂಪಿಎಚ್, ಪೋಸ್ಟ್‌ಬ್ಯಾಕ್: ಮೂರರಲ್ಲಿ ಯಾವುದು? ಹತ್ತು ದಿನದಲ್ಲಿ ಹೇಳಬೇಕು

ಶರಾವತಿ_ಎಡಿಸನ್

ಎಲ್ಲರಿಗೂ ನಮಸ್ಕಾರ. ತುಂಬಾ ದಿನ ಯೋಚಿಸಿ, ಕೊನೆಗೆ ಇಲ್ಲೇ ಕೇಳೋಣ ಅಂತ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಿದೆ, ಓದಿ.

ನಾವು ಸಾಗರದ ಕಡೆಯವರು. ನ್ಯೂಜೆರ್ಸಿಗೆ ಬಂದು 24 ವರ್ಷ ಆಯಿತು. ಮಗಳು ಇಲ್ಲೇ ಹುಟ್ಟಿದವಳು. ಕಳೆದ ಮೇ ತಿಂಗಳಲ್ಲಿ ಬಯಾಲಜಿ ಡಿಗ್ರಿ ಮುಗಿಸಿದಳು. ಡಾಕ್ಟರ್ ಆಗಬೇಕು ಅನ್ನುವುದು ಅವಳದೇ ಆಸೆ, ನಾವು ಹೇರಿದ್ದಲ್ಲ. ಕಳೆದ ವರ್ಷ 22 ಮೆಡಿಕಲ್ ಕಾಲೇಜುಗಳಿಗೆ ಅರ್ಜಿ ಹಾಕಿದಳು. ಒಂದೇ ಒಂದು ಕಡೆ ಇಂಟರ್‌ವ್ಯೂಗೆ ಕರೆದರು. ಅಲ್ಲೂ ವೇಟ್‌ಲಿಸ್ಟ್. ಅದು ಮುಂದೆ ಸರಿಯುವ ಹಾಗೆ ಕಾಣುತ್ತಿಲ್ಲ.

ಅವಳ ಜಿಪಿಎ, ಅಂದರೆ ಡಿಗ್ರಿಯ ಸರಾಸರಿ ಗ್ರೇಡ್, 4ಕ್ಕೆ 3.24. ಮೆಡಿಕಲ್ ಪ್ರವೇಶ ಪರೀಕ್ಷೆ ಎಂಕ್ಯಾಟ್‌ನಲ್ಲಿ 512. ಎರಡನೇ ವರ್ಷದಲ್ಲಿದ್ದಾಗ ನಮ್ಮ ಯಜಮಾನರಿಗೆ ಬೈಪಾಸ್ ಆಯಿತು. ವಾರಕ್ಕೆ ಮೂರು ಸಲ ರೈಲು ಹತ್ತಿ ಮನೆಗೆ ಬಂದು ಹೋಗುತ್ತಿದ್ದಳು. ಆಗಲೇ ಆರ್ಗ್ಯಾನಿಕ್ ಕೆಮಿಸ್ಟ್ರಿ ಕೈಕೊಟ್ಟಿದ್ದು.

ಈಗ ಮೂರು ದಾರಿ ಇದೆ. ಮೊದಲನೆಯದು ಓಹಾಯೋದಲ್ಲಿ ಒಂದು ವರ್ಷದ ಎಸ್‌ಎಂಪಿ, ಅಂದರೆ ಸ್ಪೆಷಲ್ ಮಾಸ್ಟರ್ಸ್. ಮೆಡಿಕಲ್ ಕಾಲೇಜಿನ ಮೊದಲ ವರ್ಷದ ಮಕ್ಕಳ ಜೊತೆಗೇ ಕ್ಲಾಸ್. ಇರುವ ಖರ್ಚೂ ಸೇರಿ ಸುಮಾರು 65 ಸಾವಿರ ಡಾಲರ್. ಎರಡನೆಯದು ಎರಡು ವರ್ಷದ ಎಂಪಿಎಚ್, ಅಂದರೆ ಸಾರ್ವಜನಿಕ ಆರೋಗ್ಯದ ಮಾಸ್ಟರ್ಸ್, ಅರ್ಧ ಫೀಸು ಅವರೇ ಕೊಡುತ್ತಾರೆ. ಮೂರನೆಯದು ಮನೆಯಲ್ಲೇ ಇದ್ದು, ಹತ್ತಿರದ ಯೂನಿವರ್ಸಿಟಿಯಲ್ಲಿ ಒಂದಷ್ಟು ಡಿಗ್ರಿ ಮಟ್ಟದ ಸೈನ್ಸ್ ಕೋರ್ಸ್ ಮಾಡುವುದು, ಇದಕ್ಕೇ ಪೋಸ್ಟ್‌ಬ್ಯಾಕ್ ಅನ್ನುತ್ತಾರೆ.

ಎಸ್‌ಎಂಪಿಯವರು ಹತ್ತು ದಿನದಲ್ಲಿ ಡೆಪಾಸಿಟ್ ಕಟ್ಟಿ ಅನ್ನುತ್ತಿದ್ದಾರೆ. ಯಜಮಾನರು ಶಿವಮೊಗ್ಗದ ಸೈಟ್ ಮಾರಿಬಿಡೋಣ ಅನ್ನುತ್ತಾರೆ. ನನಗೆ ರಾತ್ರಿ ನಿದ್ದೆ ಇಲ್ಲ. ಈ ದಾರಿಯಲ್ಲಿ ನಡೆದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಮಂಡ್ಯ_ಟು_ಬಾಸ್ಟನ್

ಎಂಪಿಎಚ್ ಮಾಡಿಸಿ ಅಕ್ಕ. ಕಡಿಮೆ ಖರ್ಚು, ಕೈಯಲ್ಲಿ ಒಂದು ಡಿಗ್ರಿ ಇರುತ್ತೆ. ನನ್ನ ಕಸಿನ್ ಎಂಪಿಎಚ್ ಮಾಡಿ ಮೆಡಿಕಲ್‌ಗೆ ಹೋದಳು. ಹೊಸ ಜಿಪಿಎ 3.9 ಬಂದರೆ ಹಳೆಯ 3.24 ಯಾರು ನೋಡುತ್ತಾರೆ?

ರೆಸಿಡೆಂಟ್_ಡೇಟನ್

ಎಲ್ಲರೂ ನೋಡುತ್ತಾರೆ. ನಾನು ಎಸ್‌ಎಂಪಿ ಮಾಡಿಯೇ ಮೆಡಿಕಲ್ ಸೇರಿದವನು, ಈಗ ಇಂಟರ್ನಲ್ ಮೆಡಿಸಿನ್ ಎರಡನೇ ವರ್ಷದ ರೆಸಿಡೆಂಟ್, ಅಂದರೆ ಆಸ್ಪತ್ರೆಯಲ್ಲಿ ತರಬೇತಿಯಲ್ಲಿರುವ ಡಾಕ್ಟರ್. ಆಮ್ಕ್ಯಾಸ್‌ನಲ್ಲಿ, ಅಂದರೆ ಮೆಡಿಕಲ್ ಕಾಲೇಜುಗಳಿಗೆ ಒಟ್ಟಿಗೆ ಅರ್ಜಿ ಹಾಕುವ ವ್ಯವಸ್ಥೆಯಲ್ಲಿ, ಅಂಡರ್‌ಗ್ರ್ಯಾಡ್ (ಡಿಗ್ರಿ) ಜಿಪಿಎ ಬೇರೆ, ಗ್ರ್ಯಾಡ್ (ಮಾಸ್ಟರ್ಸ್) ಜಿಪಿಎ ಬೇರೆ. ಎರಡೂ ಬೇರೆ ಬೇರೆ ಸಾಲಿನಲ್ಲಿ ಕಾಣುತ್ತವೆ. ಮಾಸ್ಟರ್ಸ್‌ನಲ್ಲಿ 4.0 ತೆಗೆದರೂ ಆ 3.24 ಒಂದು ಕೂದಲಷ್ಟೂ ಅಲ್ಲಾಡುವುದಿಲ್ಲ.

ಶರಾವತಿ ಅವರೇ, ಯಾವ ದಾರಿ ಅಂತ ಹೇಳುವ ಮುಂಚೆ ನಾಲ್ಕು ವಿಷಯ ಬೇಕು. ಬರೀ ಸೈನ್ಸ್ ಜಿಪಿಎ ಎಷ್ಟು? ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಗಣಿತ ಇಷ್ಟನ್ನೇ ಸೇರಿಸಿ ಆಮ್ಕ್ಯಾಸ್ ಬೇರೆ ಲೆಕ್ಕ ಹಾಕುತ್ತದೆ. ಮೊದಲ ಎರಡು ವರ್ಷ ಎಷ್ಟು, ಕೊನೆಯ ಎರಡು ವರ್ಷ ಎಷ್ಟು? ಅರ್ಜಿ ಯಾವ ತಿಂಗಳು ಹೋಯಿತು? ರೋಗಿಗಳ ಹತ್ತಿರ ಎಷ್ಟು ಗಂಟೆ ಕಳೆದಿದ್ದಾಳೆ? ಲ್ಯಾಬ್ ಲೆಕ್ಕಕ್ಕೆ ಬೇಡ.

ಮಂಡ್ಯ_ಟು_ಬಾಸ್ಟನ್

ಸರಿ ಡಾಕ್ಟ್ರೇ, ನನಗೆ ಗೊತ್ತಿರಲಿಲ್ಲ. ಆದರೆ ಕಸಿನ್‌ಗೆ ಸೀಟ್ ಸಿಕ್ಕಿದ್ದು ನಿಜ.

ರೆಸಿಡೆಂಟ್_ಡೇಟನ್

ಸಿಕ್ಕಿರಬಹುದು. ಅವರ ಡಿಗ್ರಿ ಜಿಪಿಎ ಎಷ್ಟಿತ್ತು, ಒಮ್ಮೆ ಕೇಳಿ ನೋಡಿ.

ಮಂಡ್ಯ_ಟು_ಬಾಸ್ಟನ್

ಕೇಳಿದೆ. 3.7 ಇತ್ತಂತೆ.

ಗಣಿತ_ಮೇಷ್ಟ್ರು

ನಾನು ಇಲ್ಲಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಲೆಕ್ಕ ಹಾಕಿಯೇ ತೋರಿಸುತ್ತೇನೆ, ಎಲ್ಲರಿಗೂ ಅನುಕೂಲ.

120 ಕ್ರೆಡಿಟ್ ಮುಗಿದಿದೆ, ಜಿಪಿಎ 3.24 ಅಂದುಕೊಳ್ಳಿ. ಗುಣಿಸಿದರೆ 388.8 ಪಾಯಿಂಟ್. ಪೋಸ್ಟ್‌ಬ್ಯಾಕ್‌ನಲ್ಲಿ ಇನ್ನೂ 30 ಕ್ರೆಡಿಟ್ ಮಾಡಿ ಎಲ್ಲದರಲ್ಲೂ ಎ, ಅಂದರೆ ಕ್ರೆಡಿಟ್‌ಗೆ 4 ಪಾಯಿಂಟ್, ತೆಗೆದರೆ 120 ಪಾಯಿಂಟ್ ಸೇರುತ್ತದೆ. ಒಟ್ಟು 508.8. ಅದನ್ನು 150ರಿಂದ ಭಾಗಿಸಿದರೆ 3.39. ಅಂದರೆ ಒಂದು ಇಡೀ ವರ್ಷ ಒಂದೂ ಬಿ ಇಲ್ಲದೆ ಓದಿದರೆ ಏರುವುದು 0.15 ಮಾತ್ರ. ಎಸ್‌ಎಂಪಿ ಮತ್ತು ಎಂಪಿಎಚ್‌ನಲ್ಲಿ ಏರುವುದು ಸೊನ್ನೆ, ಏಕೆಂದರೆ ಅವು ಗ್ರ್ಯಾಡ್ ಕೋರ್ಸ್.

ಇಷ್ಟು ನೋಡಿದರೆ ಯಾವುದೂ ದೊಡ್ಡದಾಗಿ ಉಪಯೋಗವಿಲ್ಲ ಅನ್ನಿಸಬಹುದು. ಆದರೆ ಸೈನ್ಸ್ ಜಿಪಿಎ ಬೇರೆ ಕಥೆ. ಅಲ್ಲಿ ಒಟ್ಟು ಕ್ರೆಡಿಟ್ ಕಡಿಮೆ, ಹಾಗಾಗಿ ಹೊಸ ಎ ಜಾಸ್ತಿ ಎಳೆಯುತ್ತದೆ.

ಶರಾವತಿ_ಎಡಿಸನ್

ಮಗಳನ್ನು ಕೂರಿಸಿಕೊಂಡು ಕೇಳಿದೆ. ಸೈನ್ಸ್ ಜಿಪಿಎ 3.05, ಸುಮಾರು 60 ಕ್ರೆಡಿಟ್. ಮೊದಲ ಎರಡು ವರ್ಷ 2.88. ಕೊನೆಯ ಎರಡು ವರ್ಷ 3.6.

ಎಂಕ್ಯಾಟ್ ಬರೆದಿದ್ದು 2025 ಆಗಸ್ಟ್‌ನಲ್ಲಿ. ಅಂಕ ಬಂದಮೇಲೆ ಅರ್ಜಿ ಕಳಿಸಿದ್ದು ಸೆಪ್ಟೆಂಬರ್ ಕೊನೆಗೆ. ಲ್ಯಾಬ್‌ನಲ್ಲಿ 600 ಗಂಟೆ. ಡಾಕ್ಟರ ಜೊತೆ ನಿಂತು ಕೆಲಸ ನೋಡುವ ಶ್ಯಾಡೋಯಿಂಗ್ 60 ಗಂಟೆ. ರೋಗಿಗಳ ಜೊತೆ ಬೇರೆ ಏನೂ ಇಲ್ಲ.

ರೆಸಿಡೆಂಟ್_ಡೇಟನ್

ಸೆಪ್ಟೆಂಬರ್ ಕೊನೆ! ಅಕ್ಕ, ಅಲ್ಲೇ ಅರ್ಧ ಉತ್ತರ ಇದೆ.

ಸಲಹೆಗಾರ್ತಿ_ಮಿಡ್‌ವೆಸ್ಟ್

ನಾನು ಒಂದು ಕಾಲೇಜಿನಲ್ಲಿ ಪ್ರೀ-ಹೆಲ್ತ್ ಸಲಹೆಗಾರ್ತಿಯಾಗಿ ಹತ್ತು ವರ್ಷದಿಂದ ಇದ್ದೇನೆ. ಡಾಕ್ಟರ್ ಹೇಳಿದ್ದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಆಮ್ಕ್ಯಾಸ್‌ಗೆ ಅರ್ಜಿ ಸಲ್ಲಿಸುವುದು ಮೇ ಕೊನೆಯಿಂದ ಶುರು. ಜೂನ್ ಕೊನೆಗೆ ಅರ್ಜಿಗಳು ಕಾಲೇಜುಗಳ ಕೈಸೇರುತ್ತವೆ. ಹೆಚ್ಚಿನ ಕಾಲೇಜುಗಳು ಬಂದ ಹಾಗೆ ಓದಿ, ಬಂದ ಹಾಗೆ ಇಂಟರ್‌ವ್ಯೂಗೆ ಕರೆಯುತ್ತವೆ. ಸೆಪ್ಟೆಂಬರ್ ಕೊನೆಗೆ ಕಳಿಸಿದರೆ ಮಾರ್ಕ್ಸ್‌ಕಾರ್ಡ್ ಪರಿಶೀಲನೆ, ಒಂದೊಂದು ಕಾಲೇಜೂ ಬೇರೆಯಾಗಿ ಕೇಳುವ ಸೆಕೆಂಡರಿ ಪ್ರಬಂಧಗಳು ಎಲ್ಲ ಮುಗಿಯುವಾಗ ನವೆಂಬರ್. ಅಷ್ಟರಲ್ಲಿ ಇಂಟರ್‌ವ್ಯೂ ದಿನಗಳು ಬಹುಪಾಲು ತುಂಬಿರುತ್ತವೆ. ವರ್ಷಕ್ಕೆ 50 ಸಾವಿರಕ್ಕೂ ಹೆಚ್ಚು ಜನ ಎಂಡಿ, ಅಂದರೆ ಇಲ್ಲಿಯ ಮಾಮೂಲಿ ಡಾಕ್ಟರ್ ಡಿಗ್ರಿಯ, ಕಾಲೇಜುಗಳಿಗೆ ಅರ್ಜಿ ಹಾಕುತ್ತಾರೆ, ಸೇರುವವರು ಸುಮಾರು 23 ಸಾವಿರ. ಇಂಥದ್ದರಲ್ಲಿ ಕೊನೆಗೆ ಬಂದವರಿಗೆ, ಅದೂ 3.24 ಇದ್ದವರಿಗೆ, ತುಂಬಾ ಕಷ್ಟ. ಆದರೂ ಒಂದು ಇಂಟರ್‌ವ್ಯೂ ಬಂದಿದೆ. ಅದು ಒಳ್ಳೆಯ ಸೂಚನೆ ಅಂತಲೇ ನನಗೆ ಅನ್ನಿಸುತ್ತದೆ.

ಎರಡನೆಯ ವಿಷಯ ನೀವೇ ಹೇಳಿದ್ದೀರಿ. ರೋಗಿಗಳ ಜೊತೆ ಏನೂ ಇಲ್ಲ. ನಿಮ್ಮ ಮೂರು ದಾರಿಗಳಲ್ಲಿ ಎಸ್‌ಎಂಪಿ, ಎಂಪಿಎಚ್ ಎರಡೂ ಇದನ್ನು ಸರಿಮಾಡುವುದಿಲ್ಲ. ಇಂಟರ್‌ವ್ಯೂನಲ್ಲಿ "ಯಾಕೆ ಡಾಕ್ಟರ್ ಆಗಬೇಕು, ಯಾಕೆ ಸಂಶೋಧಕಿ ಆಗಬಾರದು" ಅಂತ ಕೇಳಿದರೆ 600 ಗಂಟೆ ಲ್ಯಾಬ್ ಇರುವ ಹುಡುಗಿ ಏನು ಉತ್ತರ ಕೊಡುತ್ತಾಳೆ?

ಹಾಸನ_ಸೌಮ್ಯ_ಓದು

22 ಕಾಲೇಜು ಯಾವ್ಯಾವು? ಡಿಓ, ಅಂದರೆ ಆಸ್ಟಿಯೋಪಥಿಕ್ ಮೆಡಿಸಿನ್ ಕಾಲೇಜಿಗೆ ಹಾಕಿದ್ದಳಾ?

ಶರಾವತಿ_ಎಡಿಸನ್

ಇಲ್ಲ, ಎಲ್ಲ ಎಂಡಿ. ಅದರಲ್ಲಿ ಒಂಬತ್ತು ಬೇರೆ ರಾಜ್ಯಗಳ ಸರ್ಕಾರಿ ಕಾಲೇಜು. ಡಿಓ ಅಂದರೆ ಊರಿನಲ್ಲಿ ಯಾರಿಗೂ ಅರ್ಥ ಆಗುವುದಿಲ್ಲ, ಮೂಳೆ ತಿಕ್ಕುವವರಾ ಅಂತ ಕೇಳುತ್ತಾರೆ. ಅದಕ್ಕೆ ಯಜಮಾನರು ಬೇಡ ಅಂದಿದ್ದರು.

ಹಾಸನ_ಸೌಮ್ಯ_ಓದು

ಇದನ್ನು ಕೇಳಿದರೆ ನನಗೆ ಸಂಕಟ ಆಗುತ್ತದೆ. ನಾನೇ ಡಿಓ. ಫ್ಯಾಮಿಲಿ ಮೆಡಿಸಿನ್ ಮಾಡುತ್ತಿದ್ದೇನೆ. ಐವತ್ತೂ ರಾಜ್ಯಗಳಲ್ಲಿ ಡಿಓಗೂ ಎಂಡಿಗೂ ಒಂದೇ ಪೂರ್ಣ ಲೈಸೆನ್ಸ್. ಔಷಧಿ ಬರೆಯಬಹುದು, ಆಪರೇಷನ್ ಮಾಡಬಹುದು. 2020ರಿಂದ ರೆಸಿಡೆನ್ಸಿಗಳ ಮಾನ್ಯತೆಯೂ ಒಂದೇ ವ್ಯವಸ್ಥೆಯ ಕೆಳಗೆ ಬಂದಿದೆ. ನಿಮ್ಮ ರಾಜ್ಯದಲ್ಲೇ ರೋವನ್ ಯೂನಿವರ್ಸಿಟಿಯ ಡಿಓ ಕಾಲೇಜು ಇದೆ, ಸ್ಟ್ರಾಟ್‌ಫರ್ಡ್‌ನಲ್ಲಿ. 512 ಎಂಕ್ಯಾಟ್ ಅಂದರೆ ಡಿಓ ಕಾಲೇಜುಗಳಲ್ಲಿ ಬಹಳ ಒಳ್ಳೆಯ ಅಂಕ.

ಕೆಲವು ಸರ್ಜರಿ ವಿಭಾಗಗಳಲ್ಲಿ ಇನ್ನೂ ಎಂಡಿಯವರಿಗೇ ಒಲವು ಇದೆ, ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಊರಿನವರಿಗೆ ಅರ್ಥ ಆಗಲ್ಲ ಅನ್ನುವ ಒಂದೇ ಕಾರಣಕ್ಕೆ ಒಂದು ಇಡೀ ಬಾಗಿಲನ್ನು ಮುಚ್ಚಬೇಡಿ ಅಕ್ಕ. ನನ್ನ ಅಜ್ಜಿಗೂ ಡಿಓ ಅಂದರೆ ಗೊತ್ತಿರಲಿಲ್ಲ. ಅವರ ಬಿಪಿ ಮಾತ್ರೆಗಳನ್ನು ನಾನು ಸರಿಮಾಡಿಕೊಟ್ಟ ಮೇಲೆ ನನ್ನನ್ನು ಡಾಕ್ಟ್ರಮ್ಮ ಅಂತಲೇ ಕರೆದರು.

ಮಂಡ್ಯ_ಟು_ಬಾಸ್ಟನ್

ಡಿಓಗೆ ಹಾಕಿದರೆ ಇನ್ನೊಂದು ಲಾಭ. ಆರ್ಗ್ಯಾನಿಕ್ ಮತ್ತೆ ಮಾಡಿದರೆ ಹಳೆಯ ಸಿ ಗ್ರೇಡ್ ಅಳಿಸಿಹೋಗಿ ಹೊಸದು ಬರುತ್ತೆ.

ಸಲಹೆಗಾರ್ತಿ_ಮಿಡ್‌ವೆಸ್ಟ್

ಆ ನಿಯಮ 2017ರಲ್ಲೇ ಹೋಯಿತು. ಈಗ ಡಿಓ ಅರ್ಜಿಯಲ್ಲೂ ಹಳೆಯದು, ಹೊಸದು ಎರಡೂ ಲೆಕ್ಕಕ್ಕೆ ಬರುತ್ತವೆ. ಹಳೆಯ ಬ್ಲಾಗುಗಳಲ್ಲಿ ಇನ್ನೂ ಅದೇ ಬರೆದಿರುತ್ತದೆ, ನಂಬಬೇಡಿ. ಆರ್ಗ್ಯಾನಿಕ್‌ನಲ್ಲಿ ಸಿ ಬಂದಿದ್ದರೆ ಅದನ್ನೇ ಮತ್ತೆ ಮಾಡುವುದಕ್ಕಿಂತ ಮುಂದಿನ ಬಯೋಕೆಮಿಸ್ಟ್ರಿಯಲ್ಲಿ ಎ ತೆಗೆದರೆ ಹೆಚ್ಚು ಬೆಲೆ. ಸಿಗಿಂತ ಕಡಿಮೆ ಇದ್ದರೆ ಮಾತ್ರ ಮತ್ತೆ ಮಾಡಲೇಬೇಕು.

ಗಣಿತ_ಮೇಷ್ಟ್ರು

ಈಗ ನಿಜವಾದ ಸೈನ್ಸ್ ಅಂಕಿ ಸಿಕ್ಕಿತಲ್ಲ. 60 ಕ್ರೆಡಿಟ್ 3.05 ಅಂದರೆ 183 ಪಾಯಿಂಟ್. 24 ಕ್ರೆಡಿಟ್ ಎ ಸೇರಿಸಿದರೆ 279. 84ರಿಂದ ಭಾಗಿಸಿ: 3.32. ಮೂರು ಚಿಲ್ಲರೆ ಇದ್ದದ್ದು ಮೂರೂಕಾಲು ದಾಟುತ್ತದೆ. ಇದು ಕಾಗದದ ಮೇಲೆ ಕಾಣುವ ಬದಲಾವಣೆ.

ಎರಡು_ಸಲ_ಬಿದ್ದವನು

ನಾನು ಇಲ್ಲಿ ಯಾವತ್ತೂ ಬರೆದವನಲ್ಲ. ಈ ಪ್ರಶ್ನೆ ನೋಡಿ ಸುಮ್ನೆ ಇರಲಾಗಲಿಲ್ಲ.

ನನ್ನ ಜಿಪಿಎ 3.1 ಇತ್ತು. ಒಂದು ಎಸ್‌ಎಂಪಿ ಸೇರಿದೆ, ಕಾಲೇಜಿನ ಹೆಸರು ಬೇಡ. ಅದು ಮೆಡಿಕಲ್ ಕಾಲೇಜಿನ ಮಕ್ಕಳ ಜೊತೆಗೇ ಪರೀಕ್ಷೆ ಬರೆಯುವ ಕೋರ್ಸ್. ಅವರಿಗೆ ಪಾಸ್ ಆದರೆ ಸಾಕು, ಸೀಟ್ ಆಗಲೇ ಇದೆ. ನಮಗೆ ಮಾತ್ರ ಅದೇ ಪರೀಕ್ಷೆಯಲ್ಲಿ ಎ ಬೇಕು. ಸೇರಿದ ಎಂಟು ವಾರಕ್ಕೆ ನನಗೆ ಜ್ವರ, ಆಮೇಲೆ ಅಜ್ಜ ತೀರಿಹೋದರು. ಊರಿಗೆ ಹೋಗಲೂ ಇಲ್ಲ. ಮೊದಲ ಸೆಮಿಸ್ಟರ್ 3.0 ಬಂತು.

ಎಸ್‌ಎಂಪಿಯಲ್ಲಿ 3.0 ಅಂದರೆ ಏನರ್ಥ ಗೊತ್ತಾ? "ಈ ಹುಡುಗನಿಗೆ ಮೆಡಿಕಲ್ ಓದು ಆಗುವುದಿಲ್ಲ" ಅಂತ ನಾವೇ ದುಡ್ಡು ಕೊಟ್ಟು ಬರೆಸಿಕೊಂಡ ಹಾಗೆ. ಪೋಸ್ಟ್‌ಬ್ಯಾಕ್‌ನಲ್ಲಿ ಒಂದು ಬಿ ಬಂದರೆ ಮುಂದಿನ ಸೆಮಿಸ್ಟರ್‌ನಲ್ಲಿ ಸರಿಮಾಡಿಕೊಳ್ಳಬಹುದು. ಇಲ್ಲಿ ಆ ಎರಡನೇ ಅವಕಾಶ ಇರಲಿಲ್ಲ. ಸೇರುವ ಮುಂಚೆ ಅಲ್ಲಿಯವರು "ನಮ್ಮಲ್ಲಿ 80 ಪರ್ಸೆಂಟ್ ಮಕ್ಕಳು ಮೆಡಿಕಲ್‌ಗೆ ಹೋಗುತ್ತಾರೆ" ಅಂದಿದ್ದರು. ಆಮೇಲೆ ತಿಳಿಯಿತು, ಅದು ಒಳ್ಳೆಯ ಗ್ರೇಡಿನಲ್ಲಿ ಕೋರ್ಸ್ ಮುಗಿಸಿದವರ ಲೆಕ್ಕ. ಮಧ್ಯದಲ್ಲಿ ಬಿಟ್ಟವರು, ಕಡಿಮೆ ಬಂದವರು ಆ ಲೆಕ್ಕದಲ್ಲೇ ಇರಲಿಲ್ಲ.

ಈಗ ನಾನು ರೆಸ್ಪಿರೇಟರಿ ಥೆರಪಿಸ್ಟ್. ಕೆಲಸ ಇಷ್ಟ. ಆದರೆ ಆ ಸಾಲ ಇನ್ನೂ ತೀರಿಲ್ಲ.

ಶರಾವತಿ_ಎಡಿಸನ್

ನಿಮ್ಮ ಮಾತು ಓದಿ ಕಣ್ಣು ತುಂಬಿಬಂತು. ಬರೆದಿದ್ದಕ್ಕೆ ಧನ್ಯವಾದ ತಮ್ಮಾ.

ರೆಸಿಡೆಂಟ್_ಡೇಟನ್

ಅವರು ಹೇಳಿದ್ದು ಪೂರ್ತಿ ನಿಜ. ಆದರೆ ಇನ್ನೊಂದು ಕಡೆಯೂ ಹೇಳಬೇಕು. ನನ್ನ ಡಿಗ್ರಿ ಜಿಪಿಎ 3.0. ಡಿಗ್ರಿಯಲ್ಲಿ 160 ಕ್ರೆಡಿಟ್ ಮಾಡಿದ್ದೆ. ಮೇಷ್ಟ್ರ ಲೆಕ್ಕದಲ್ಲಿ ಇನ್ನೊಂದು ವರ್ಷ ಪೋಸ್ಟ್‌ಬ್ಯಾಕ್ ಮಾಡಿದರೂ ಅದು ಹೆಚ್ಚೇನೂ ಮೇಲೆ ಬರುತ್ತಿರಲಿಲ್ಲ. ಕೊನೆಯ ವರ್ಷಗಳಲ್ಲೂ ಏರಿಕೆ ಇರಲಿಲ್ಲ. ನನ್ನಂಥವರಿಗೆ ಎಸ್‌ಎಂಪಿಯೇ ಉಳಿದ ದಾರಿ. ಜಾರ್ಜ್‌ಟೌನ್, ಬಾಸ್ಟನ್ ಯೂನಿವರ್ಸಿಟಿ, ಸಿನ್ಸಿನಾಟಿ ಇಂಥ ಕಡೆ ಎಷ್ಟೋ ವರ್ಷದಿಂದ ಈ ಕೋರ್ಸ್‌ಗಳು ನಡೆಯುತ್ತಿವೆ. ಅಲ್ಲಿಂದ ಡಾಕ್ಟರ್ ಆದವರು ಬೇಕಾದಷ್ಟು ಜನ ಇದ್ದಾರೆ.

ನಿಮ್ಮ ಮಗಳ ವಿಷಯ ಹಾಗಲ್ಲ. ಅವಳು ಆಗಲೇ 2.88ರಿಂದ 3.6ಕ್ಕೆ ಏರಿದ್ದಾಳೆ. ಕಾರಣವೂ ಕಾಗದದಲ್ಲಿ ಬರೆಯುವಂಥದ್ದೇ. ಅವಳಿಗೆ ಆ ಜೂಜು ಬೇಕಾಗಿಲ್ಲ ಅಂತ ನನ್ನ ಅಭಿಪ್ರಾಯ.

ಕಾರ್ಡಿಯೋ_ಕ್ಲೀವ್‌ಲ್ಯಾಂಡ್

ಒಪ್ಪುವುದಿಲ್ಲ. ಸೈನ್ಸ್ 3.05 ಅಂದರೆ ಎಷ್ಟೋ ಕಾಲೇಜುಗಳಲ್ಲಿ ಮನುಷ್ಯರು ಓದುವ ಮುಂಚೆಯೇ ಅರ್ಜಿ ಪಕ್ಕಕ್ಕೆ ಹೋಗುತ್ತದೆ. ಎಂಡಿ ಸೇರುವವರ ಸರಾಸರಿ ಜಿಪಿಎ ಈಗ 3.8ರ ಹತ್ತಿರ ಇದೆ. ಪೋಸ್ಟ್‌ಬ್ಯಾಕ್‌ನಲ್ಲಿ ಜೆನೆಟಿಕ್ಸ್, ಸೆಲ್ ಬಯಾಲಜಿ ಮಾಡಿ ಎ ತೆಗೆದರೆ ಅದು ಇನ್ನೊಂದು ಡಿಗ್ರಿ ಕೋರ್ಸ್ ಅಷ್ಟೆ. ಎಸ್‌ಎಂಪಿಯಲ್ಲಿ ಫಿಸಿಯಾಲಜಿ, ಇಮ್ಯುನಾಲಜಿ, ಫಾರ್ಮಕಾಲಜಿ ಮೆಡಿಕಲ್ ಮಕ್ಕಳ ಜೊತೆ ಓದಿ 3.8 ತಂದರೆ ಅದನ್ನು ಮೀರಿದ ಸಾಕ್ಷಿ ಇಲ್ಲ. ಕೆಲವು ಕಡೆ ನಿಗದಿ ಗ್ರೇಡ್ ಬಂದರೆ ಅದೇ ಕಾಲೇಜಿನಲ್ಲಿ ಇಂಟರ್‌ವ್ಯೂ ಖಾತ್ರಿ. ಹೆದರಿ ಹಿಂದೆ ಸರಿಯಬೇಡಿ.

ರೆಸಿಡೆಂಟ್_ಡೇಟನ್

ಸಾರ್, 3.8 ತಂದರೆ ಅಂತ ನೀವೇ ಹೇಳಿದಿರಿ. ನನ್ನ ಬ್ಯಾಚಿನಲ್ಲಿ ತಂದವರು ಮೂರನೇ ಒಂದು ಭಾಗ ಇರಬಹುದು. ಉಳಿದವರು ಏನಾದರು?

ಕಾರ್ಡಿಯೋ_ಕ್ಲೀವ್‌ಲ್ಯಾಂಡ್

ಅದು ಹುಡುಗಿಯ ಮೇಲೆ ನಿಂತಿದೆ. 512 ತೆಗೆದವಳಿಗೆ ಆಗುತ್ತದೆ ಅಂತ ನನಗೆ ನಂಬಿಕೆ.

ಪೋಸ್ಟ್‌ಬ್ಯಾಕ್_ಅಮ್ಮ

ಸಣ್ಣ ತಿದ್ದುಪಡಿ. ಬ್ರಿನ್ ಮಾರ್, ಗೌಚರ್ ಇಂಥ ಹೆಸರಾಂತ ಪೋಸ್ಟ್‌ಬ್ಯಾಕ್‌ಗಳು ಸೈನ್ಸ್ ಓದದೆ ಇರುವವರಿಗೆ, ಅಂದರೆ ಬೇರೆ ಕೆಲಸದಿಂದ ಬರುವವರಿಗೆ. ನಿಮ್ಮ ಮಗಳು ಅಲ್ಲಿಗೆ ಸೇರುವ ಹಾಗಿಲ್ಲ. ಅವಳಿಗೆ ಬೇಕಾಗಿರುವುದು ಗ್ರೇಡ್ ಸುಧಾರಿಸುವ ಪೋಸ್ಟ್‌ಬ್ಯಾಕ್, ಅಥವಾ ಹತ್ತಿರದ ನಾಲ್ಕು ವರ್ಷದ ಯೂನಿವರ್ಸಿಟಿಯಲ್ಲಿ ಡಿಗ್ರಿ ಇಲ್ಲದೆ ಕೋರ್ಸ್ ಮಾತ್ರ ತೆಗೆದುಕೊಳ್ಳುವುದು. ನನ್ನ ಮಗ ಎರಡನೆಯದನ್ನೇ ಮಾಡಿದ. ಹೆಸರು ನೋಂದಾಯಿಸುವಾಗ ಡಿಗ್ರಿ ಮಕ್ಕಳಿಗೆ ಮೊದಲ ಅವಕಾಶ, ನಮಗೆ ಕೊನೆಗೆ. ಬಯೋಕೆಮಿಸ್ಟ್ರಿ ಸೀಟಿಗೆ ಪ್ರೊಫೆಸರ್‌ಗೆ ಮೂರು ಸಲ ಮೇಲ್ ಬರೆಯಬೇಕಾಯಿತು. ಮೊದಲೇ ಬರೆದಿಡಿ.

ಫ್ರಿಸ್ಕೊ_ಅಪ್ಪ

ಟೆಕ್ಸಾಸ್‌ಗೆ ಬನ್ನಿ ಅಕ್ಕ! ಫೀಸು ಕಡಿಮೆ, ಕಾಲೇಜು ಜಾಸ್ತಿ.

ಸಲಹೆಗಾರ್ತಿ_ಮಿಡ್‌ವೆಸ್ಟ್

ಅಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜುಗಳ ನೂರಕ್ಕೆ 90 ಸೀಟು ಟೆಕ್ಸಾಸ್ ನಿವಾಸಿಗಳಿಗೇ. ನಿವಾಸಿ ಅನ್ನಿಸಿಕೊಳ್ಳಲು ಕನಿಷ್ಠ 12 ತಿಂಗಳು ಅಲ್ಲಿ ಇರಬೇಕು, ಅದೂ ಬರೀ ಓದಲು ಹೋಗಿ ಇದ್ದರೆ ಸಾಲದು. ಮನೆ, ಕೆಲಸ ಎಲ್ಲ ನ್ಯೂಜೆರ್ಸಿಯಲ್ಲಿ ಇರುವವರಿಗೆ ಇದು ದಾರಿಯಲ್ಲ. ಇದೇ ಕಾರಣಕ್ಕೆ ಕಳೆದ ಸಲ ಬೇರೆ ರಾಜ್ಯಗಳ ಒಂಬತ್ತು ಸರ್ಕಾರಿ ಕಾಲೇಜಿಗೆ ಹಾಕಿದ್ದೂ ಹಣ ಪೋಲು. ನ್ಯೂವರ್ಕ್, ನ್ಯೂ ಬ್ರನ್ಸ್‌ವಿಕ್, ಕ್ಯಾಮ್ಡನ್ ಊರುಗಳ ಸರ್ಕಾರಿ ಕಾಲೇಜುಗಳು ನಿಮ್ಮ ರಾಜ್ಯದವು, ಮೊದಲು ಅವು.

ಬಸವನಗುಡಿ_ಮಾವ

ಇಷ್ಟೆಲ್ಲ ಯಾಕಮ್ಮ ಒದ್ದಾಟ? ಮಂಗಳೂರೋ ಮಣಿಪಾಲವೋ, ಎನ್‌ಆರ್‌ಐ ಕೋಟಾದಲ್ಲಿ ಸೇರಿಸಿ. ಐದೂವರೆ ವರ್ಷಕ್ಕೆ ಡಾಕ್ಟರ್ ಆಗಿ ಬರುತ್ತಾಳೆ. ಅಜ್ಜಿ ಮನೆಯ ಊಟವೂ ಸಿಗುತ್ತೆ.

ಹುಬ್ಬಳ್ಳಿ_ಎಂಬಿಬಿಎಸ್

ಮಾವಾ, ಎನ್‌ಆರ್‌ಐ ಸೀಟಿಗೂ ನೀಟ್ ಬರೆಯಲೇಬೇಕು. ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ, 720 ಅಂಕ, ಪಿಯುಸಿ ಪಠ್ಯ. ಇಲ್ಲಿ ಓದಿದ ಮಗುವಿಗೆ ಅದು ಬೇರೆಯದೇ ತಯಾರಿ. ಓಸಿಐ ಕಾರ್ಡ್ ಇದ್ದವರು, ಅಂದರೆ ಬೇರೆ ದೇಶದ ಪೌರತ್ವ ಇರುವ ಭಾರತೀಯ ಮೂಲದವರು, ಮೊದಲಿನ ಹಾಗೆ ಸಾಮಾನ್ಯ ಸೀಟಿಗೆ ಹೋಗುವ ದಾರಿಯನ್ನು 2021 ಮಾರ್ಚ್‌ನ ಅಧಿಸೂಚನೆ ಮುಚ್ಚಿತು. ಸುಪ್ರೀಂ ಕೋರ್ಟ್ 2023ರಲ್ಲಿ ಅದಕ್ಕೂ ಮುಂಚೆ ಕಾರ್ಡ್ ಪಡೆದವರಿಗೆ ಮಾತ್ರ ಬಿಡುವು ಕೊಟ್ಟಿದೆ. ಎಂಬಿಬಿಎಸ್ ನಾಲ್ಕೂವರೆ ವರ್ಷ, ಇಂಟರ್ನ್‌ಶಿಪ್ ಒಂದು ವರ್ಷ. ಅಷ್ಟಾದ ಮೇಲೂ ಅಮೆರಿಕದಲ್ಲಿ ಕೆಲಸ ಮಾಡಬೇಕಾದರೆ ಯುಎಸ್‌ಎಂಎಲ್‌ಇ ಪರೀಕ್ಷೆಗಳು, ಇಸಿಎಫ್‌ಎಂಜಿ ಪ್ರಮಾಣಪತ್ರ, ಆಮೇಲೆ ರೆಸಿಡೆನ್ಸಿ ಸೀಟು ಹಂಚುವ ಮ್ಯಾಚ್. ನಾನು ಅದೇ ದಾರಿಯಲ್ಲಿ ಬಂದವಳು. ಹದಿನೆಂಟರ ಹುಡುಗಿಗಾದರೆ ಯೋಚಿಸಿ ಅನ್ನುತ್ತಿದ್ದೆ. ಡಿಗ್ರಿ ಮುಗಿಸಿ 512 ತೆಗೆದವಳಿಗೆ ಮತ್ತೆ ಪಿಯುಸಿ ಓದಿಸಬೇಡಿ.

ಬಸವನಗುಡಿ_ಮಾವ

ಓಹೋ, ಇಷ್ಟೆಲ್ಲ ಇದೆಯಾ. ಸರಿ ತಾಯಿ. ಮಗು ಎಲ್ಲಿ ಓದಿದರೂ ಚೆನ್ನಾಗಿರಲಿ.

ಎಚ್4_ಹುಡುಗ

ನಿಮ್ಮ ಮಗಳು ಇಲ್ಲೇ ಹುಟ್ಟಿದ್ದು ಎಷ್ಟು ದೊಡ್ಡ ವಿಷಯ ಅಂತ ನಿಮಗೆ ಗೊತ್ತಿರಲಿ ಆಂಟಿ. ನಾನು ಆರು ವರ್ಷದವನಿದ್ದಾಗ ಬಂದವನು. ಅಪ್ಪನ ಗ್ರೀನ್ ಕಾರ್ಡ್ ಸರದಿ ಇನ್ನೂ ಬಂದಿಲ್ಲ. 21 ತುಂಬಿದಾಗ ಅಪ್ಪನ ವೀಸಾದ ಜೊತೆ ಬರುವ ಎಚ್4 ಹೋಯಿತು, ಈಗ ಎಫ್1 ವಿದ್ಯಾರ್ಥಿ ವೀಸಾ. ಬಹಳಷ್ಟು ಮೆಡಿಕಲ್ ಕಾಲೇಜುಗಳು ಗ್ರೀನ್ ಕಾರ್ಡ್ ಇಲ್ಲದವರ ಅರ್ಜಿಯನ್ನೇ ತೆಗೆದುಕೊಳ್ಳುವುದಿಲ್ಲ. ತೆಗೆದುಕೊಳ್ಳುವ ಕೆಲವು ಕಡೆ ವರ್ಷಗಳ ಫೀಸನ್ನು ಮೊದಲೇ ಬ್ಯಾಂಕಿನಲ್ಲಿ ಇಟ್ಟು ತೋರಿಸಿ ಅನ್ನುತ್ತಾರೆ. ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಸಾಲವೂ ಇಲ್ಲ. ನನ್ನಂಥವರು ಎಸ್‌ಎಂಪಿಗೆ ದುಡ್ಡು ಹಾಕುವ ಮುಂಚೆ ಆ ಪಕ್ಕದ ಮೆಡಿಕಲ್ ಕಾಲೇಜು ನಮ್ಮನ್ನು ಸೇರಿಸಿಕೊಳ್ಳುತ್ತದಾ ಅಂತ ಮೊದಲು ಕೇಳಬೇಕು. ನನಗೆ ಅದು ತಿಳಿದಿದ್ದು ಸೇರಿದ ಮೇಲೆ.

ಸಾಲದ_ಲೆಕ್ಕ

ಸಾಲದ ಮಾತು ಬಂತಲ್ಲ, ಇದನ್ನು ಎಲ್ಲರೂ ಗಮನಿಸಿ. 2025ರ ಹೊಸ ಕಾನೂನಿನ ಪ್ರಕಾರ 2026 ಜುಲೈ 1ರಿಂದ ಹೊಸದಾಗಿ ಸಾಲ ತೆಗೆಯುವವರಿಗೆ ಗ್ರ್ಯಾಡ್ ಪ್ಲಸ್, ಅಂದರೆ ಮಾಸ್ಟರ್ಸ್, ಮೆಡಿಕಲ್ ಓದಿಗೆ ಇದ್ದ ಫೆಡರಲ್ ಸಾಲ, ಇಲ್ಲ. ಮಾಸ್ಟರ್ಸ್ ಮಕ್ಕಳಿಗೆ ಫೆಡರಲ್ ಸಾಲ ವರ್ಷಕ್ಕೆ 20,500 ಡಾಲರ್ ಮಾತ್ರ. ಮೆಡಿಕಲ್ ಮಕ್ಕಳಿಗೆ ವರ್ಷಕ್ಕೆ 50 ಸಾವಿರ, ಒಟ್ಟು 2 ಲಕ್ಷ. ಓದಿನ ಎಲ್ಲ ಫೆಡರಲ್ ಸಾಲ ಸೇರಿ ಜೀವಮಾನದ ಮಿತಿ 2,57,500.

ಅಂದರೆ ಆಗಸ್ಟ್‌ನಲ್ಲಿ ಶುರುವಾಗುವ ಎಸ್‌ಎಂಪಿಗೆ 65 ಸಾವಿರದಲ್ಲಿ 44,500 ನಿಮ್ಮ ಕೈಯಿಂದ, ಅಥವಾ ಖಾಸಗಿ ಬ್ಯಾಂಕಿನಿಂದ. ಖಾಸಗಿ ಸಾಲಕ್ಕೆ ಸಾಮಾನ್ಯವಾಗಿ ಅಪ್ಪ ಅಮ್ಮ ಸಹಿ ಹಾಕಬೇಕಾಗುತ್ತದೆ. ಆಮೇಲೆ ನಿಜವಾದ ಮೆಡಿಕಲ್ ಕಾಲೇಜಿಗೇ ಫೆಡರಲ್ ಸಾಲ ಸಾಲದೆ ಬರಬಹುದು. ಶಿವಮೊಗ್ಗದ ಸೈಟ್ ಮಾರಲೇಬೇಕಾದರೆ ಅದು ಎಂಡಿಗೋ ಡಿಓಗೋ ಇರಲಿ, ಅದರ ಹಿಂದಿನ ಮೆಟ್ಟಿಲಿಗೆ ಬೇಡ.

ಶರಾವತಿ_ಎಡಿಸನ್

ಇದು ನಮಗೆ ಗೊತ್ತೇ ಇರಲಿಲ್ಲ. ಯಜಮಾನರಿಗೆ ಓದಿ ಹೇಳಿದೆ. ಸುಮ್ಮನೆ ಕೂತುಬಿಟ್ಟರು.

ಪೋಸ್ಟ್‌ಬ್ಯಾಕ್_ಅಮ್ಮ

ಎಂಪಿಎಚ್ ಬಗ್ಗೆ ಇನ್ನೊಂದು. ಬಹಳಷ್ಟು ಕಾಲೇಜುಗಳು ಎರಡು ಮೂರು ವರ್ಷಕ್ಕಿಂತ ಹಳೆಯ ಎಂಕ್ಯಾಟ್ ಒಪ್ಪುವುದಿಲ್ಲ. ಬರೆದಿದ್ದು 2025 ಆಗಸ್ಟ್. ಎಂಪಿಎಚ್ ಮುಗಿಸಿ 2028ರಲ್ಲಿ ಅರ್ಜಿ ಹಾಕಿದರೆ ಆ 512 ಅನೇಕ ಕಡೆ ಹಳಸಿಹೋಗಿರುತ್ತದೆ. ಮತ್ತೆ ಬರೆಯಬೇಕು, ಮತ್ತೆ ಅಷ್ಟೇ ಬರುತ್ತದೆ ಅನ್ನುವ ಖಾತ್ರಿ ಇಲ್ಲ.

ಸಲಹೆಗಾರ್ತಿ_ಮಿಡ್‌ವೆಸ್ಟ್

ಸರಿಯಾಗಿ ಹೇಳಿದಿರಿ. ಸಾರ್ವಜನಿಕ ಆರೋಗ್ಯದ ಮೇಲೆ ನಿಜವಾಗಿ ಆಸೆ ಇದ್ದವರಿಗೆ ಎಂಪಿಎಚ್ ಬಹಳ ಒಳ್ಳೆಯ ಓದು. ಆದರೆ ಬಯಾಲಜಿ, ಕೆಮಿಸ್ಟ್ರಿಯಲ್ಲಿ ಬಿದ್ದ ತೂತಿಗೆ ಅದು ತೇಪೆ ಆಗುವುದಿಲ್ಲ. ಮಗಳು ಏನು ಹೇಳುತ್ತಾಳೆ? ಇಷ್ಟು ಹೊತ್ತು ನಾವೆಲ್ಲ ಮಾತಾಡಿದೆವು, ಅವಳ ಮಾತು ಕೇಳಲೇ ಇಲ್ಲ ಅಲ್ವಾ.

ಶರಾವತಿ_ಎಡಿಸನ್

ಇವತ್ತು ಅವಳೇ ಹೇಳುತ್ತಿದ್ದಾಳೆ, ನಾನು ಬರೆಯುತ್ತಿದ್ದೇನೆ. ಅವಳಿಗೆ ಕನ್ನಡ ಮಾತು ಚೆನ್ನಾಗಿ ಬರುತ್ತದೆ, ಓದುವುದು ನಿಧಾನ.

"ಎಲ್ಲರಿಗೂ ಥ್ಯಾಂಕ್ಸ್. ಅಮ್ಮ ಎರಡು ದಿನದಿಂದ ಒಂದೊಂದೇ ಓದಿ ಹೇಳುತ್ತಿದ್ದಾರೆ. ನಾನು ಎಂಪಿಎಚ್‌ಗೆ ಹಾಕಿದ್ದು ಯಾಕೆ ಅಂದರೆ, ಯಾರಾದರೂ ಏನು ಮಾಡುತ್ತಿದ್ದೀಯ ಅಂತ ಕೇಳಿದಾಗ ಅಪ್ಪನಿಗೆ ಹೇಳಲು ಒಂದು ಉತ್ತರ ಇರಲಿ ಅಂತ. ಯುಗಾದಿ ಕಾರ್ಯಕ್ರಮದಲ್ಲಿ ಐದು ಜನ ಕೇಳಿದರು, ಸೀಟ್ ಆಯ್ತಾ ಅಂತ. ಅಪ್ಪ ಪ್ರತಿ ಸಲ ತಲೆ ತಗ್ಗಿಸಿದರು. ಅದು ನನಗೆ ಸಹಿಸಲಾಗಲಿಲ್ಲ.

ಎಸ್‌ಎಂಪಿಗೆ ನನಗೆ ಭಯ ಇದೆ. ಓದಿನ ಭಯ ಅಲ್ಲ. ಅಪ್ಪನಿಗೆ ಮತ್ತೆ ಏನಾದರೂ ಆದರೆ ನಾನು ಓಹಾಯೋದಲ್ಲಿ ಇರುತ್ತೇನೆ. ಆಗ ಮತ್ತೆ ಗ್ರೇಡ್ ಬಿದ್ದರೆ ಅಲ್ಲಿಗೇ ಎಲ್ಲ ಮುಗಿಯಿತು. ಲ್ಯಾಬ್‌ಗೆ ಅಷ್ಟು ಗಂಟೆ ಹೋಗಿದ್ದು ಎಲ್ಲರೂ ಹೋಗುತ್ತಿದ್ದರು ಅಂತ. ನನಗೆ ಡಾಕ್ಟರ್ ಆಗಬೇಕು ಅನ್ನಿಸಿದ್ದು ಅಪ್ಪ ಐಸಿಯುನಲ್ಲಿ ಇದ್ದಾಗ. ಅಲ್ಲಿ ಒಬ್ಬರು ಡಾಕ್ಟರ್ ರಾತ್ರಿ ಎರಡು ಗಂಟೆಗೆ ನನ್ನ ಪಕ್ಕ ಕೂತು, ಚಿತ್ರ ಬರೆದು, ಯಾವ ರಕ್ತನಾಳ ಎಲ್ಲಿ ಜೋಡಿಸಿದ್ದೇವೆ ಅಂತ ತೋರಿಸಿದರು. ಆ ಚೀಟಿ ಇನ್ನೂ ನನ್ನ ಹತ್ತಿರ ಇದೆ. ಇದನ್ನು ಕಳೆದ ಸಲ ಪ್ರಬಂಧದಲ್ಲಿ ಬರೆಯಲಿಲ್ಲ, ಮನೆಯ ವಿಷಯ ಅಂತ."

ಇದು ನನಗೂ ಗೊತ್ತಿರಲಿಲ್ಲ. ಚೀಟಿಯ ವಿಷಯ.

ಹಾಸನ_ಸೌಮ್ಯ_ಓದು

ಮಗಳೇ, ಅದನ್ನೇ ಬರಿ. ಮೊದಲ ಸಾಲಿನಲ್ಲೇ ಬರಿ.

ಕಾರ್ಡಿಯೋ_ಕ್ಲೀವ್‌ಲ್ಯಾಂಡ್

ನಾನು ದಿನಾ ಅಂಥ ಚಿತ್ರ ಬರೆಯುವವನು. ಇದನ್ನು ಓದಿದ ಮೇಲೆ ನನ್ನ ಮಾತು ಬದಲಾಯಿಸುತ್ತೇನೆ. ಎಸ್‌ಎಂಪಿ ಬೇಡ ಅನ್ನುವುದಿಲ್ಲ, ಈ ವರ್ಷ ಬೇಡ. ಮನೆಯಲ್ಲೇ ಇದ್ದು ಓದು. ಅಪ್ಪನ ಚಿಂತೆ ಹೊತ್ತು ಬೇರೆ ಊರಲ್ಲಿ ಆ ಓದು ತುಂಬಾ ಕಷ್ಟ. ಇದರಲ್ಲಿ ಆಗದಿದ್ದರೆ ಎಸ್‌ಎಂಪಿ ಎಲ್ಲಿಗೂ ಓಡಿಹೋಗುವುದಿಲ್ಲ. ಮೊದಲು ಅದನ್ನು ಮಾಡಿ ಕೆಟ್ಟರೆ ಆಮೇಲೆ ಪೋಸ್ಟ್‌ಬ್ಯಾಕ್ ಮಾಡಿ ಪ್ರಯೋಜನವಿಲ್ಲ.

ಎರಡು_ಸಲ_ಬಿದ್ದವನು

ಈ ಕೊನೆಯ ಸಾಲನ್ನು ನನಗೆ ಆಗ ಯಾರಾದರೂ ಹೇಳಿದ್ದರೆ.

ಗಣಿತ_ಮೇಷ್ಟ್ರು

ಹಾಗಾದರೆ ಈ ಜೂನ್‌ನಲ್ಲೇ ಮತ್ತೆ ಅರ್ಜಿ ಹಾಕುವುದಾ, 2027 ಜೂನ್‌ಗೆ ಕಾಯುವುದಾ?

ಸಲಹೆಗಾರ್ತಿ_ಮಿಡ್‌ವೆಸ್ಟ್

ಕಾಯಿರಿ. ಈ ಜೂನ್‌ನಲ್ಲಿ ಹಾಕಿದರೆ ಕಾಗದದಲ್ಲಿ ಹೊಸದೇನೂ ಇರುವುದಿಲ್ಲ, ಅದೇ 3.24, ಅದೇ 60 ಗಂಟೆ. 2027 ಜೂನ್ ಮೊದಲ ವಾರದಲ್ಲಿ ಹಾಕಿದರೆ 24 ಕ್ರೆಡಿಟ್ ಗ್ರೇಡ್, ಒಂದು ವರ್ಷದ ರೋಗಿಗಳ ಒಡನಾಟ, ಹೊಸ ಪ್ರೊಫೆಸರ್‌ಗಳ ಪತ್ರ ಎಲ್ಲ ಇರುತ್ತವೆ. ಎಂಕ್ಯಾಟ್ ಇನ್ನೂ ಹೆಚ್ಚಿನ ಕಡೆ ನಡೆಯುತ್ತದೆ, ಆದರೆ ಒಂದೊಂದು ಕಾಲೇಜಿನ ನಿಯಮವನ್ನೂ ನೋಡಿಯೇ ಪಟ್ಟಿ ಮಾಡಿ. ಎಂಡಿ, ಡಿಓ ಎರಡೂ.

ಶರಾವತಿ_ಎಡಿಸನ್

ಎಂಟನೇ ದಿನ. ಎಸ್‌ಎಂಪಿ ಆಫೀಸಿಗೆ ಮಗಳೇ ಫೋನ್ ಮಾಡಿದಳು. ಇಲ್ಲಿ ನೀವು ಹೇಳಿದ ಹಾಗೆ, ಮುಗಿಸಿದವರು ಬೇಡ, ಸೇರಿದವರಲ್ಲಿ ಎಷ್ಟು ಜನ ಮೆಡಿಕಲ್‌ಗೆ ಹೋದರು ಅಂತ ಕೇಳಿದಳು. ಆ ಲೆಕ್ಕ ಇಟ್ಟಿಲ್ಲ ಅಂದರಂತೆ. ಮುಂದಿನ ವರ್ಷಕ್ಕೆ ಸೀಟ್ ಇಟ್ಟುಕೊಳ್ಳಬಹುದಾ ಅಂತಲೂ ಕೇಳಿದಳು. ಆಗುವುದಿಲ್ಲ, ಹೊಸದಾಗಿ ಅರ್ಜಿ ಹಾಕಿ ಅಂದರು. ಡೆಪಾಸಿಟ್ ಕಟ್ಟಲಿಲ್ಲ.

ಬಯೋಕೆಮಿಸ್ಟ್ರಿ ಪ್ರೊಫೆಸರ್‌ಗೆ ಮೇಲ್ ಹೋಗಿದೆ, ಎರಡು ಸಲ. ಯಜಮಾನರು ಡಿಓ ಬಗ್ಗೆ ತಾವೇ ಕೂತು ಓದಿದರು. ನಿನ್ನೆ ಅತ್ತೆಯವರಿಗೆ ಫೋನಿನಲ್ಲಿ ವಿವರಿಸುತ್ತಿದ್ದರು. ಈಗ ರೋಗಿಗಳ ಜೊತೆ ಕೆಲಸ ಎಲ್ಲಿ ಹುಡುಕುವುದು? ಆಸ್ಪತ್ರೆ ವಾಲಂಟಿಯರ್‌ಗೆ ಹಾಕಿದರೆ ಮೂರು ತಿಂಗಳು ಕಾಯಿರಿ ಅನ್ನುತ್ತಾರೆ.

ನರ್ಸ್_ಪಿಸ್ಕಾಟವೇ

ಅಕ್ಕ, ನಾನು ನಿಮ್ಮ ಪಕ್ಕದ ಊರಲ್ಲೇ ವಯಸ್ಸಾದವರ ಡೇ ಕೇರ್‌ನಲ್ಲಿ ನರ್ಸ್. ಬರುವವರಲ್ಲಿ ಗುಜರಾತಿಗಳು, ತೆಲುಗರು ಜಾಸ್ತಿ. ಕನ್ನಡದವರು ಮೂವರು. ಅದರಲ್ಲಿ ಒಬ್ಬರು ಅಜ್ಜಿ, ತೀರ್ಥಹಳ್ಳಿ ಕಡೆಯವರು. ಮರೆವಿನ ಕಾಯಿಲೆ ಬಂದಮೇಲೆ ಅವರಿಗೆ ಇಂಗ್ಲಿಷ್ ಪೂರ್ತಿ ಹೋಗಿದೆ, ಕನ್ನಡ ಮಾತ್ರ ಉಳಿದಿದೆ. ನಾನು ರಜೆ ಇದ್ದ ದಿನ ಅವರು ಯಾರ ಹತ್ತಿರವೂ ಮಾತಾಡುವುದಿಲ್ಲ, ಮಾತ್ರೆಯನ್ನೂ ತೆಗೆದುಕೊಳ್ಳುವುದಿಲ್ಲ. ನಿಮ್ಮ ಮಗಳು ಬಂದರೆ ನಮಗೇ ದೊಡ್ಡ ಸಹಾಯ. ಬಿಪಿ ನೋಡುವುದು, ನಡೆಸುವುದು ಎಲ್ಲ ನಾನು ಕಲಿಸುತ್ತೇನೆ.

ಶರಾವತಿ_ಎಡಿಸನ್

ಅವಳು ಆಗಲೇ ಹೂಂ ಅಂದಳು. ಯಾವಾಗ ಬರಬೇಕು?

ನರ್ಸ್_ಪಿಸ್ಕಾಟವೇ

ಶನಿವಾರ ಬೆಳಿಗ್ಗೆ 9ಕ್ಕೆ. ಟಿಬಿ ಟೆಸ್ಟ್ ಮಾಡಿಸಿದ ಕಾಗದ, ಲಸಿಕೆಯ ಪಟ್ಟಿ ತರಲಿ. ಶೂ ಹಾಕಿಕೊಂಡು ಬರಲಿ. ವಿಳಾಸ ನಿಮಗೆ ಬೇರೆಯಾಗಿ ಕಳಿಸುತ್ತೇನೆ.